ಶನಿವಾರದ ಕೊನೆಯ ಪೀರಿಯಡ್

ಹೇಮಶ್ರೀಗೆ ಲೈಬ್ರರಿಯ ಉಸ್ತುವಾರಿ ಬಂದದ್ದು ಅವಳಿಗೆ ಪುಸ್ತಕಗಳ ಮೇಲೆ ಪ್ರೀತಿ ಇದೆಯೆಂದಲ್ಲ. ಗೊಬ್ಬಳಿದೊಡ್ಡಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಉಳಿದವರಿಗೆಲ್ಲ ಆಗಲೇ ಒಂದೊಂದು ಹೆಚ್ಚುವರಿ ಕೆಲಸ ಅಂಟಿಕೊಂಡಿತ್ತು. ಒಬ್ಬರಿಗೆ ಬಿಸಿಯೂಟ, ಒಬ್ಬರಿಗೆ ಸ್ಕಾಲರ್‌ಶಿಪ್ ಅರ್ಜಿಗಳು, ಒಬ್ಬರಿಗೆ ಆಟೋಟ. ಗಣಿತ ಕಲಿಸುವ ಹೇಮಶ್ರೀ ಒಬ್ಬಳೇ ಖಾಲಿ ಇದ್ದಳು. ಜೂನ್ ತಿಂಗಳ ಮೊದಲ ಸಭೆಯಲ್ಲಿ ಮುಖ್ಯೋಪಾಧ್ಯಾಯ ಗವಿಸಿದ್ದಯ್ಯನವರು ಎರಡು ಬೀಗದ ಕೈಗಳನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದರು. ಮೇಲಿನಿಂದ ಸುತ್ತೋಲೆ ಬಂದಿದೆ, ಈ ವರ್ಷ ವಾರಕ್ಕೊಂದು ಓದಿನ ಪೀರಿಯಡ್ ಇರಲೇಬೇಕು, ಒಂಬತ್ತನೇ ತರಗತಿಗೆ ಶನಿವಾರದ ಕೊನೆಯ ಪೀರಿಯಡ್ ಇಟ್ಟುಕೊಳ್ಳಿ ಎಂದರು.

ಹೇಮಶ್ರೀ ಮಾಗಡಿಯವಳು. ಚನ್ನಪಟ್ಟಣದಲ್ಲಿ ಮನೆ ಮಾಡಿಕೊಂಡು, ಹೊಂಗನೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಆಟೊದಲ್ಲಿ ಶಾಲೆಗೆ ಬರುತ್ತಿದ್ದಳು. ಪಠ್ಯಪುಸ್ತಕ ಮತ್ತು ನೌಕರಿಯ ಪರೀಕ್ಷೆಗೆ ಓದಿದ್ದ ಗೈಡುಗಳನ್ನು ಬಿಟ್ಟರೆ ಅವಳು ತಾನಾಗಿ ಒಂದು ಕಾದಂಬರಿ ಹಿಡಿದು ಮುಗಿಸಿದ್ದಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗಣಿತದ ಟೀಚರನ್ನು ಯಾರೂ ಕೇಳಿರಲೂ ಇಲ್ಲ.

ಲೈಬ್ರರಿ ಎಂದರೆ ವಿಜ್ಞಾನದ ಕೋಣೆಯ ಮೂಲೆಯಲ್ಲಿದ್ದ ಎರಡು ಕಬ್ಬಿಣದ ಬೀರು. ಒಂದರ ಬಾಗಿಲು ತೆಗೆಯಲು ಕಾಲಿನಿಂದ ಒದೆಯಬೇಕಾಯಿತು. ಒಳಗಿನ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಅಂಗಡಿಯಿಂದ ಬಂದಾಗ ಇದ್ದ ಹಾಗೆಯೇ ಇದ್ದವು. ಬಿಡಿಸಿದರೆ ಬೆನ್ನು ಕಟಕ್ಕೆನ್ನುತ್ತಿತ್ತು. ಆದರೆ ಹಿಂದಿನ ವರ್ಷಗಳ ರಿಜಿಸ್ಟರಿನ ಪ್ರಕಾರ ಪ್ರತಿ ಮಗುವೂ ತಿಂಗಳಿಗೆ ಎರಡು ಪುಸ್ತಕ ಒಯ್ದು ಓದಿ ವಾಪಸು ಕೊಟ್ಟಿತ್ತು. ಎಲ್ಲ ಸಾಲುಗಳೂ ಒಂದೇ ಶಾಯಿ, ಒಂದೇ ಕೈಬರಹ. ಯಾರ ಕೈಬರಹ ಎಂದು ಅವಳು ಯೋಚಿಸಲು ಹೋಗಲಿಲ್ಲ. ಈ ವರ್ಷ ಹೀಗೆ ಆಗಬಾರದು ಎಂದಷ್ಟೇ ಅಂದುಕೊಂಡಳು. ಮಾಡುವ ಕೆಲಸವನ್ನು ಸರಿಯಾಗಿ ಮಾಡಬೇಕು ಎಂಬುದು ಅವಳ ಸ್ವಭಾವ.

ಅವಳು ಮಾಡಿದ ಏರ್ಪಾಡು ಸರಳವಾಗಿತ್ತು. ಶನಿವಾರ ಮಕ್ಕಳು ಬೀರುವಿನಿಂದ ತಮಗೆ ಬೇಕಾದ ಪುಸ್ತಕ ಆರಿಸಿಕೊಳ್ಳಬೇಕು. ಮುಂದಿನ ಶನಿವಾರ ಐದಾರು ಜನ ಎದ್ದು ನಿಂತು ತಾವು ಓದಿದ್ದರಲ್ಲಿ ಏನಿತ್ತು ಎಂದು ಹೇಳಬೇಕು.

ಒಂಬತ್ತನೇ ತರಗತಿಯಲ್ಲಿ ಮೂವತ್ತೆಂಟು ಮಕ್ಕಳಿದ್ದರು. ಮೊದಲ ವಾರ ಹುಡುಗರು ಪುಸ್ತಕಗಳನ್ನು ಅಡ್ಡಲಾಗಿ ಹಿಡಿದು ಯಾವುದು ತೆಳ್ಳಗಿದೆ ಎಂದು ನೋಡಿ ಆರಿಸಿದರು. ಕೆಲವರು ಸೋಮವಾರವೇ ತಂದು ಮೇಜಿನ ಮೇಲಿಟ್ಟು ಹೋದರು. ಕೇಳಿದರೆ ಟ್ಯೂಷನ್ ಇತ್ತು, ಹೊಲದ ಕೆಲಸ ಇತ್ತು, ಚಿಕ್ಕ ತಮ್ಮ ಪುಸ್ತಕ ಹರಿಯಲು ಬಂದ ಎಂದು ಒಂದೊಂದು ಕಾರಣ. ಒಬ್ಬ ಹುಡುಗ ಮಾತ್ರ ಮುಚ್ಚುಮರೆ ಇಲ್ಲದೆ, ಪರೀಕ್ಷೆಗೆ ಬರದೇ ಇರುವುದನ್ನು ಓದಿದರೆ ಮನೆಯಲ್ಲಿ ಬೈಯುತ್ತಾರೆ ಎಂದ. ನಿಂತು ಹೇಳಬೇಕಾದಾಗ ಹೆಚ್ಚಿನವರು ಹಿಂದಿನ ರಟ್ಟಿನ ಮೇಲಿದ್ದ ನಾಲ್ಕು ಸಾಲನ್ನು ಒಪ್ಪಿಸಿ ಕುಳಿತರು. ನಿಜವಾಗಿ ಓದುತ್ತಿದ್ದವಳು ಅಸ್ರಾ ಎಂಬ ಹುಡುಗಿ. ಅವಳು ಬೀರುವಿನ ಮುಂದೆ ನಿಂತಲ್ಲೇ ಓದಲು ಶುರು ಮಾಡಿಬಿಡುತ್ತಿದ್ದಳು. ಆದರೆ ಎದ್ದು ಹೇಳು ಎಂದರೆ ಸ್ವರ ಗಂಟಲಲ್ಲೇ ಉಳಿಯುತ್ತಿತ್ತು.

ಮೂರನೆಯ ಶನಿವಾರ ನವ್ಯಶ್ರೀ ಎದ್ದು ನಿಂತಳು. ಊರಿನಾಚೆ ತೋಟದ ಮನೆಯ ಹುಡುಗಿ, ರೇಷ್ಮೆ ಸಾಕುವವರ ಮಗಳು. ತರಗತಿಯಲ್ಲಿ ಹಿಂದಿನಿಂದ ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು, ತಾನಾಗಿ ಮಾತಾಡಿದವಳಲ್ಲ. ಅವಳ ಕೈಯಲ್ಲಿ ಮುನ್ನೂರು ಪುಟದ ಕಾದಂಬರಿ ಇತ್ತು. ಬಾವಿ ತೋಡುವ ಒಬ್ಬ ಮನುಷ್ಯ, ಅವನ ಇಬ್ಬರು ಹೆಂಡಿರು, ನೀರು ಸಿಗದ ಒಂದು ಬಾವಿ. ನವ್ಯಶ್ರೀ ಕತೆಯನ್ನು ಮೊದಲಿನಿಂದ ಹೇಳಲಿಲ್ಲ. ಇಪ್ಪತ್ತು ಆಳುದ್ದದ ಆಳದಲ್ಲಿ ಅವನು ಹಾರೆ ಹಾಕುತ್ತಿರುವಾಗ ಮೇಲಿನಿಂದ ಚಿಕ್ಕ ಹೆಂಡತಿ ಬಗ್ಗಿ ಕರೆಯುವ ಸಂದರ್ಭದಿಂದ ಹಿಡಿದಳು. ಬಾವಿಯ ಒಳಗಿನಿಂದ ಮಾತಾಡುವವನ ಸ್ವರ ಹೇಗಿರುತ್ತದೋ ಹಾಗೆ ಮಾತಾಡಿದಳು. ಕೊನೆಯ ಬೆಂಚಿನ ಹುಡುಗರು ಕೂಡ ಬ್ಯಾಗಿಗೆ ಕೈ ಹಾಕದೆ ಕೇಳಿದರು. ಗಂಟೆ ಹೊಡೆದಾಗ ಯಾರೋ ಆಮೇಲೆ ಏನಾಯ್ತು ಎಂದು ಕೇಳಿದರು. ಆ ಪುಸ್ತಕಕ್ಕೆ ಅವತ್ತು ನಾಲ್ಕು ಜನ ಕೈ ಚಾಚಿದರು.

ಅಲ್ಲಿಂದ ಮುಂದೆ ಶನಿವಾರ ಎಂದರೆ ನವ್ಯಶ್ರೀಯ ಸರದಿ ಎಂದಾಯಿತು. ವಾರಕ್ಕೊಂದು ಪುಸ್ತಕ, ಅದೂ ದಪ್ಪ ದಪ್ಪ ಪುಸ್ತಕ. ಅವಳು ಹೇಳಿದ್ದು ಕೇಳಿ ಉಳಿದವರೂ ಒಯ್ಯತೊಡಗಿದರು. ಅಕ್ಟೋಬರ್ ಹೊತ್ತಿಗೆ ಬೀರುವಿನ ಎರಡು ಅರೆಗಳು ಸುಮಾರಾಗಿ ಖಾಲಿಯಾದವು. ಹೇಮಶ್ರೀಗೆ ತನ್ನ ಮೇಲೆಯೇ ಒಂದು ಮೆಚ್ಚುಗೆ ಹುಟ್ಟಿತು. ಸ್ಟಾಫ್ ರೂಮಿನಲ್ಲಿ ಅವಳು ನವ್ಯಶ್ರೀಯ ಮಾತನ್ನು ಪದೇ ಪದೇ ತೆಗೆಯುತ್ತಿದ್ದಳು. ಅದೇ ಹುಡುಗಿ ಗಣಿತದಲ್ಲಿ ಅಂಕಿಗಳಲ್ಲಿ ಕೊಟ್ಟ ಲೆಕ್ಕವನ್ನೆಲ್ಲ ಸರಿಯಾಗಿ ಮಾಡಿ, ವಾಕ್ಯಗಳಲ್ಲಿ ಕೊಟ್ಟ ಲೆಕ್ಕವನ್ನು ಪೂರಾ ಬಿಟ್ಟುಬಿಡುತ್ತಿದ್ದಳು. ಹೇಮಶ್ರೀ ಅವಳ ಪತ್ರಿಕೆಯ ಮೇಲೆ ‘ಗಮನ ಕೊಡು’ ಎಂದು ಬರೆದು ಮುಂದಿನ ಪತ್ರಿಕೆಗೆ ಹೋಗಿದ್ದಳು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ಹೊಳೆದಿರಲಿಲ್ಲ.

ನವೆಂಬರಿನಲ್ಲಿ ಚನ್ನಪಟ್ಟಣದಲ್ಲಿ ತಾಲ್ಲೂಕು ಮಟ್ಟದ ಪುಸ್ತಕ ಪರಿಚಯ ಸ್ಪರ್ಧೆ ಎಂದು ಪ್ರಕಟವಾಯಿತು. ಶಾಲೆಗೊಬ್ಬರು. ಗವಿಸಿದ್ದಯ್ಯನವರು ಬೇರೆ ಹೆಸರನ್ನು ಯೋಚಿಸಲೇ ಇಲ್ಲ. ನವ್ಯಶ್ರೀ ಮಾತ್ರ ಬೇಡ ಎಂದಳು. ಹೇಮಶ್ರೀ ಅದನ್ನು ಹಳ್ಳಿಯ ಹುಡುಗಿಯ ಸಂಕೋಚ ಎಂದುಕೊಂಡಳು. ಹುಡುಗಿ ಮತ್ತೊಂದು ದಿನ ಬಂದು ಹೊಟ್ಟೆನೋವು ಎಂದಳು, ಆಮೇಲೆ ಅಸ್ರಾಳನ್ನು ಕಳಿಸಿ ಎಂದಳು. ಹೇಮಶ್ರೀ ನಕ್ಕು, ನಾನಿರ್ತೀನಲ್ಲ, ಹೆದರಬೇಡ ಎಂದು ಬೆನ್ನು ತಟ್ಟಿದಳು.

ಸ್ಪರ್ಧೆಯ ಸಭಾಂಗಣದಲ್ಲಿ ಸ್ಪರ್ಧಿಗಳು, ಕೇಳಲು ಬಂದವರು ಸೇರಿ ನೂರೈವತ್ತು ಮಕ್ಕಳಿದ್ದರು. ಮೊದಲ ಸುತ್ತಿನಲ್ಲಿ ನವ್ಯಶ್ರೀ ಸೂಲಗಿತ್ತಿಯೊಬ್ಬಳ ಕತೆ ಹೇಳಿದಳು. ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದಿಟ್ಟು ಕೇಳಿದರು. ಎರಡನೆಯ ಸುತ್ತಿಗೆ ಆರು ಜನ ಉಳಿದರು, ಅವರಲ್ಲಿ ಅವಳೂ ಇದ್ದಳು. ಆಗ ಗೊತ್ತಾಯಿತು, ಎರಡನೆಯ ಸುತ್ತಿನ ನಿಯಮ ಬೇರೆ. ಮಕ್ಕಳು ಈ ಮುಂಚೆ ನೋಡಿರದ ಒಂದು ಪುಸ್ತಕ ಕೊಡುತ್ತಾರೆ, ಒಂದು ಪುಟವನ್ನು ಮೈಕಿನ ಮುಂದೆ ಗಟ್ಟಿಯಾಗಿ ಓದಿ, ಆಮೇಲೆ ಅದರ ಬಗ್ಗೆ ಮಾತಾಡಬೇಕು.

ನವ್ಯಶ್ರೀ ಪುಸ್ತಕ ತೆಗೆದುಕೊಂಡು ಮೈಕಿನ ಮುಂದೆ ನಿಂತಳು. ಪುಟದ ಮೇಲೆ ಬೆರಳಿಟ್ಟಳು. ಆಮೇಲೆ ಒಂದೊಂದೇ ಅಕ್ಷರವನ್ನು ಬಿಡಿಬಿಡಿಯಾಗಿ ಹೇಳಲು ಶುರು ಮಾಡಿದಳು. ಮೊದಲ ಎರಡು ಪದ ದಾಟಿದಳು. ಮೂರನೆಯದರಲ್ಲಿ ಒತ್ತಕ್ಷರ ಇತ್ತು. ಅಲ್ಲಿ ನಿಂತಳು, ಮತ್ತೆ ಹಿಂದಿನಿಂದ ಬಂದಳು, ಮತ್ತೆ ಅಲ್ಲೇ ನಿಂತಳು. ಎಲ್ಲೋ ಹಿಂದೆ ಕಿಸಕ್ಕೆಂದು ನಗು ಕೇಳಿಸಿತು, ಅದು ಸಾಲಿನಿಂದ ಸಾಲಿಗೆ ಹರಡಿತು. ಕನ್ನಡಕ ತೆಗೆದಿಟ್ಟಿದ್ದವರು, ಗಾಬರಿಯಾಗಿದ್ದಾಳೆ, ನೀರು ಕೊಡಿ ಎಂದರು. ಹುಡುಗಿ ನೀರು ಮುಟ್ಟಲಿಲ್ಲ. ಪುಸ್ತಕವನ್ನು ಮುಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಗಾಬರಿ ಅಲ್ಲ. ನಂಗೆ ಓದಕ್ಕೆ ಬರಕಿಲ್ಲ,” ಎಂದಳು. ಮೈಕು ಅದನ್ನು ಇಡೀ ಸಭಾಂಗಣಕ್ಕೆ ಕೇಳಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಹೇಮಶ್ರೀಗೆ ಮೊದಲು ಬಂದದ್ದು ಸಿಟ್ಟು. ಐದು ತಿಂಗಳು ಈ ಹುಡುಗಿ ನನ್ನ ಮುಂದೆ ನಾಟಕ ಆಡಿದಳು, ನನ್ನನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದಳು ಎಂಬ ಸಿಟ್ಟು. ಕಿಟಕಿಯ ಪಕ್ಕ ಕುಳಿತಿದ್ದ ನವ್ಯಶ್ರೀ ತನ್ನ ಕೈಬೆರಳ ಉಗುರುಗಳನ್ನು ನೋಡುತ್ತಿದ್ದಳು. ಸೊಪ್ಪು ಕೊಯ್ದು ಅವುಗಳ ಅಂಚು ಕಪ್ಪಾಗಿತ್ತು. ಹೊಂಗನೂರಿನಲ್ಲಿ ಇಳಿದಾಗ ಅವಳು ಬತ್ತೀನಿ ಮೇಡಂ ಎಂದು ಹೇಳಿ, ಆಟೊಗೆ ಕಾಯದೆ ನಡೆದು ಹೋದಳು. ಹೇಮಶ್ರೀ ಅವಳನ್ನು ಕರೆಯಲಿಲ್ಲ.

ಮರುದಿನದಿಂದ ನವ್ಯಶ್ರೀ ಶಾಲೆಗೆ ಬರಲಿಲ್ಲ.

ಮೂರು ದಿನ, ನಾಲ್ಕು ದಿನ, ಒಂದು ವಾರ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಗೈರುಹಾಜರಿಯ ಗುರುತು. ಶನಿವಾರದ ಪೀರಿಯಡ್‌ನಲ್ಲಿ ಯಾರು ಹೇಳುತ್ತೀರಿ ಎಂದರೆ ಯಾರೂ ಏಳಲಿಲ್ಲ. ಸ್ಪರ್ಧೆಯ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ಹೇಮಶ್ರೀಯ ಸಿಟ್ಟು ಆ ಹೊತ್ತಿಗೆ ಇಳಿದು, ಅದರ ಜಾಗದಲ್ಲಿ ಬೇರೆ ಏನೋ ಕೂತಿತ್ತು. ಅವಳು ನವ್ಯಶ್ರೀಯ ಗಣಿತದ ಉತ್ತರಪತ್ರಿಕೆಗಳನ್ನು ಹುಡುಕಿ ತೆಗೆದಳು. ತಾನೇ ಕೆಂಪು ಶಾಯಿಯಲ್ಲಿ ಬರೆದ ‘ಗಮನ ಕೊಡು’ ಎಂಬ ಮಾತು ಮೂರು ಪತ್ರಿಕೆಗಳ ಮೇಲಿತ್ತು. ಅವಳು ಲೆಕ್ಕ ಹಾಕಿದಳು. ಈಗ ಹದಿನಾಲ್ಕು ವರ್ಷದ ಹುಡುಗಿ. ಶಾಲೆಗಳು ಕೊರೊನಾ ಎಂದು ಮುಚ್ಚಿದಾಗ ಮೂರನೇ ತರಗತಿ. ಒತ್ತಕ್ಷರಗಳು ಕೈಗೆ ಹತ್ತುವ ವಯಸ್ಸಿನಲ್ಲಿ ಎರಡು ವರ್ಷ ಮನೆಯಲ್ಲಿ ಕಳೆದಿತ್ತು. ಆಮೇಲೆ ಎಲ್ಲರಂತೆ ಮುಂದಿನ ತರಗತಿಗೆ, ಅದರ ಮುಂದಿನ ತರಗತಿಗೆ. ಬೋರ್ಡಿನ ಮೇಲಿದ್ದದ್ದನ್ನು ಅವಳು ಚೆನ್ನಾಗಿ ನಕಲು ಮಾಡುತ್ತಿದ್ದಳು. ಅಕ್ಷರ ಮುದ್ದಾಗಿತ್ತು.

ಎಂಟನೆಯ ದಿನ ಸಂಜೆ ಶಾಲೆ ಬಿಟ್ಟ ಮೇಲೆ ಹೇಮಶ್ರೀ, ದಾರಿ ತೋರಿಸಲು ಅಸ್ರಾಳನ್ನು ಕರೆದುಕೊಂಡು ನವ್ಯಶ್ರೀಯ ಮನೆಗೆ ಹೋದಳು.

ಹಿಪ್ಪುನೇರಳೆ ತೋಟದ ನಡುವೆ ಹೆಂಚಿನ ಮನೆ, ಪಕ್ಕಕ್ಕೆ ಹುಳು ಸಾಕುವ ಉದ್ದನೆಯ ಕೊಟ್ಟಿಗೆ. ನವ್ಯಶ್ರೀಯ ತಾಯಿ ಕಾವೇರಮ್ಮ ಒಳಗೆ ಸೊಪ್ಪು ಹಾಕುತ್ತಿದ್ದರು. ಹುಳು ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದು ಹಗಲೂ ರಾತ್ರಿ ತಿನ್ನುವ ದಿನಗಳು. ಬಾಗಿಲಲ್ಲಿ ನಿಂತರೆ ಸಾವಿರಾರು ಸಣ್ಣ ಬಾಯಿಗಳು ಎಲೆ ಕತ್ತರಿಸುವ ಸದ್ದು ಕೇಳುತ್ತಿತ್ತು. ಮೇಡಂ ಬಂದದ್ದು ನೋಡಿ ಕಾವೇರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದರು, ಜಗುಲಿಯ ಮೇಲೆ ಚಾಪೆ ಹಾಸಿದರು. ಮಗಳು ತೋಟದಲ್ಲಿದ್ದಾಳೆ, ಸೊಪ್ಪು ಹೊತ್ತುಕೊಂಡು ಈಗ ಬರುತ್ತಾಳೆ ಎಂದರು. ಅವಳ ಅಪ್ಪ ಗೂಡಿನ ಮಾರ್ಕೆಟ್ಟಿನ ವಿಷಯವಾಗಿ ರಾಮನಗರಕ್ಕೆ ಹೋಗಿದ್ದಾರೆ ಎಂದರು. ಹೇಮಶ್ರೀ ಕೇಳಬೇಕೆಂದುಕೊಂಡು ಬಂದದ್ದನ್ನು ಹೇಗೆ ಶುರು ಮಾಡುವುದು ಎಂದು ತಿಳಿಯದೆ, ಶಾಲೆಯ ಪುಸ್ತಕ ಒಂದು ನಿಮ್ಮಲ್ಲೇ ಉಳಿದಿದೆ ಎಂದಳು. ಅದನ್ನು ಕೇಳಲು ಬಂದಿರಲಿಲ್ಲ, ಆದರೆ ಬಾಯಿಗೆ ಬಂದದ್ದು ಅದೇ.

ಕಾವೇರಮ್ಮ ಒಳಗೆ ಹೋಗಿ ಪುಸ್ತಕ ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದರು. ಕೊಡುವ ಮುಂಚೆ ಒಂದು ಕ್ಷಣ ತಡೆದರು.

“ಅರ್ಧ ಆಗಿತ್ತು,” ಎಂದರು. “ಮಗ್ಳು ಹಂಗೆ ಬಂದ ದಿನದಿಂದ ನಾನು ಮುಟ್ಟಲಿಲ್ಲ.”

ಆಗ ಹೇಮಶ್ರೀಗೆ ವಿಷಯ ತಿಳಿಯಿತು. ಓದುತ್ತಿದ್ದವರು ಇವರು.

ಕಾವೇರಮ್ಮ ಚಾಪೆಯ ತುದಿಯಲ್ಲಿ ಕುಳಿತು ಹೇಳಿದರು. ಅವರು ವಿರೂಪಾಕ್ಷಿಪುರದ ಕಡೆಯವರು. ಒಂಬತ್ತನೇ ತರಗತಿಯ ಅರ್ಧದಲ್ಲಿ ಶಾಲೆ ಬಿಡಿಸಿ ಮದುವೆ ಮಾಡಿದ್ದರು. ಓದುವುದೆಂದರೆ ಪ್ರಾಣ, ಆದರೆ ಈ ಮನೆಯಲ್ಲಿ ಓದಲು ಇದ್ದದ್ದು ಹುಳುವಿನ ತಟ್ಟೆಗೆ ಹಾಸುವ ಹಳೆಯ ಪೇಪರು ಮಾತ್ರ. ಮರಿಹುಳುಗಳನ್ನು ಆಚೀಚೆ ಸರಿಸಿ ಸುದ್ದಿ ಓದುತ್ತಿದ್ದರು. ಅದರ ಮುಂದಿನ ಭಾಗ ಬೇರೆ ತಟ್ಟೆಯ ಕೆಳಗೆ ಇರುತ್ತಿತ್ತು, ಕೆಲವೊಮ್ಮೆ ಇರುತ್ತಲೇ ಇರಲಿಲ್ಲ. ಜುಲೈ ತಿಂಗಳಲ್ಲಿ ಮಗಳು ಮೊದಲ ಸಲ ಕಾದಂಬರಿ ತಂದಾಗ ಅವರು ಅದನ್ನು ಅವಳ ಬ್ಯಾಗಿನಿಂದ ತೆಗೆದುಕೊಂಡು, ಸಂಜೆ ಕೊಟ್ಟಿಗೆಯಲ್ಲಿ ಗಟ್ಟಿಯಾಗಿ ಓದಲು ಕುಳಿತರು. ಮಗಳು, ನೀ ಓದವ್ವ, ನಾನು ಸೊಪ್ಪು ಹಾಕ್ತೀನಿ ಎಂದಳು. ಆಮೇಲೆ ದಿನವೂ ಹಾಗೆಯೇ ಆಯಿತು.

“ನಾನೇನ್ ಅನ್ಕಂಡೆ ಅಂದ್ರೆ, ಅವ್ವಂಗೆ ಆಸೆ ಅಂತ ಮಗ ಬುಟ್ಟುಕೊಡ್ತಾವ್ಳೆ ಅಂತ,” ಎಂದರು ಕಾವೇರಮ್ಮ. “ಅವ್ಳಿಗೆ ಬರಕಿಲ್ಲ ಅಂತ ನಂಗೆ ಗೊತ್ತೇ ಇಲ್ಲ ಮೇಡಂ. ಐದು ತಿಂಗ್ಳು ಎದುರಿಗೇ ಅವ್ಳೆ. ನಾನು ನನ್ ಪಾಡಿಗೆ ಓದ್ತಾ ಕುಂತಿದ್ದೆ.”

“ನಾನೂ ನೋಡಲಿಲ್ಲ ಅಮ್ಮಾ,” ಎಂದಳು ಹೇಮಶ್ರೀ. “ನೋಡೋದು ನನ್ನ ಕೆಲಸ ಆಗಿತ್ತು.”

ತೋಟದ ಕಡೆಯಿಂದ ನವ್ಯಶ್ರೀ ಸೊಪ್ಪಿನ ಹೊರೆ ಹೊತ್ತು ಬಂದಳು. ಜಗುಲಿಯಲ್ಲಿ ಕುಳಿತವರನ್ನು ನೋಡಿ ನಿಂತಳು. ಹೊರೆ ಇಳಿಸಲಿಲ್ಲ. ಅಸ್ರಾ ಎದ್ದು ಹೋಗಿ ಒಂದು ಕಡೆ ಹಿಡಿದುಕೊಂಡಾಗ ಇಬ್ಬರೂ ಸೇರಿ ಕೆಳಗಿಟ್ಟರು. ಹೇಮಶ್ರೀ ಶಾಲೆಗೆ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಮುಂಚೆಯೇ ನನಗೆ ಹೇಳಬಹುದಿತ್ತಲ್ಲ ಎಂದಷ್ಟೇ ಕೇಳಿದಳು.

ಹುಡುಗಿ ಬಗ್ಗಿ ಹೊರೆಯ ಹಗ್ಗ ಬಿಚ್ಚತೊಡಗಿದಳು.

“ನಾನು ಸುಳ್ಳು ಹೇಳ್ಲಿಲ್ಲ ಮೇಡಂ,” ಎಂದಳು. “ಕತೆ ಹೇಳು ಅಂದ್ರಿ, ಹೇಳ್ದೆ. ಓದು ಅಂತ ನೀವು ಒಂದಿನಾನೂ ಅನ್ನಲಿಲ್ಲ.”

ಕಾವೇರಮ್ಮ, ಮೇಡಂಗೆ ಹಂಗೆಲ್ಲಾ ಮಾತಾಡ್ತಾರಾ ಎಂದು ಗದರಿದರು. ಹೇಮಶ್ರೀ ಬೇಡ ಎಂದು ಕೈ ಎತ್ತಿದಳು. ಹುಡುಗಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಐದು ತಿಂಗಳಲ್ಲಿ ಹೇಮಶ್ರೀ ಯಾರಿಗೂ, ಒಬ್ಬರಿಗೂ, ಒಂದು ಸಾಲು ಗಟ್ಟಿಯಾಗಿ ಓದು ಎಂದು ಹೇಳಿರಲಿಲ್ಲ. ಒಂಬತ್ತನೇ ತರಗತಿಯ ಮಕ್ಕಳಿಗೆ ಓದಲು ಬಂದೇ ಬರುತ್ತದೆ ಎಂದು ತಿಳಿದಿದ್ದಳು.

ಅವಳು ಪುಸ್ತಕವನ್ನು ಕಾವೇರಮ್ಮನ ಕೈಗೇ ವಾಪಸು ಕೊಟ್ಟಳು. ಮುಗಿಸಿ ಕಳಿಸಿ ಎಂದಳು. ಹೊರಡುವಾಗ ನವ್ಯಶ್ರೀ ಸೋಮವಾರ ಬರುತ್ತೇನೆಂದು ಹೇಳಲಿಲ್ಲ. ಸೋಮವಾರ ಬಂದಳು.

ಮುಂದಿನ ಶನಿವಾರ ಹೇಮಶ್ರೀ ಬೀರು ತೆಗೆದು, ತಾನೇ ಒಂದು ಪುಸ್ತಕ ಹಿಡಿದು ಮಕ್ಕಳ ಮುಂದೆ ಕುಳಿತಳು. ಇವತ್ತು ಯಾರೂ ಕತೆ ಹೇಳುವುದು ಬೇಡ, ನಾನು ಓದುತ್ತೇನೆ ಎಂದಳು. ಸಮೀಕರಣ ಹೇಳಿಕೊಡುವಾಗ ಎಂದೂ ನಡುಗದ ಸ್ವರ ಎರಡನೆಯ ಪುಟಕ್ಕೇ ಒಣಗಿತು. ಉದ್ದದ ವಾಕ್ಯಗಳಲ್ಲಿ ಎಲ್ಲಿ ಉಸಿರು ತೆಗೆಯಬೇಕೆಂದು ಗೊತ್ತಾಗದೆ ಅರ್ಧಕ್ಕೆ ನಿಂತು ಹಿಂದಕ್ಕೆ ಬಂದು ಮತ್ತೆ ಓದಿದಳು. ಒಂದು ಹಳೆಯ ಪದ ಅವಳಿಗೆ ಗೊತ್ತೇ ಇರಲಿಲ್ಲ, ಅಸ್ರಾ ಕುಳಿತಲ್ಲಿಂದಲೇ ಅದರ ಅರ್ಥ ಹೇಳಿದಳು. ಪೀರಿಯಡ್ ಮುಗಿಯುವ ಹೊತ್ತಿಗೆ ಹೇಮಶ್ರೀ ಪುಸ್ತಕ ಮುಚ್ಚಿ, ತಾನು ಈವರೆಗೆ ಒಂದು ಕಾದಂಬರಿಯನ್ನೂ ಪೂರ್ತಿ ಓದಿಲ್ಲ ಎಂದು ಮಕ್ಕಳಿಗೆ ಹೇಳಿದಳು. ಅವರು ನಗುತ್ತಾರೆ ಎಂದುಕೊಂಡಿದ್ದಳು. ಯಾರೂ ನಗಲಿಲ್ಲ. ಪರೀಕ್ಷೆಗೆ ಬರದೇ ಇರುವುದನ್ನು ಓದಿದರೆ ಬೈಯುತ್ತಾರೆ ಎಂದಿದ್ದ ಹುಡುಗ, ಹಂಗಾದ್ರೆ ಇದನ್ನ ಮುಂದಿನ ವಾರಾನೂ ಓದಿ ಮೇಡಂ ಎಂದ.

ಅದರ ಮರುವಾರ ಅವಳು ಊಟದ ಬಿಡುವಿನಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ವಿಜ್ಞಾನದ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಒಂದು ಪುಟ ಓದಿಸಿದಳು. ಒಳಗಿನದನ್ನು ಹೊರಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಮೂವತ್ತೆಂಟರಲ್ಲಿ ಹದಿನಾಲ್ಕು ಮಕ್ಕಳು ಒಂದು ಪ್ಯಾರಾವನ್ನು ದಾಟಲಿಲ್ಲ. ಅವರಲ್ಲಿ ತರಗತಿಗೆ ಮೂರನೆಯವನಾಗಿ ಬರುತ್ತಿದ್ದ ಹುಡುಗನೂ ಇದ್ದ. ಅವನು ಗೈಡಿನ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದ. ಒಬ್ಬಳು ಓದಲು ಶುರು ಮಾಡುವ ಮುಂಚೆಯೇ ಅತ್ತುಬಿಟ್ಟಳು.

ಆ ಪಟ್ಟಿ ಹಿಡಿದು ಹೇಮಶ್ರೀ ಗವಿಸಿದ್ದಯ್ಯನವರ ಕೋಣೆಗೆ ಹೋದಳು. ಅವರಿಗೆ ನಿವೃತ್ತಿಗೆ ಏಳು ತಿಂಗಳಿತ್ತು. ಪಟ್ಟಿಯನ್ನು ಎರಡು ಸಲ ನೋಡಿದರು. ಇದನ್ನು ಓದಿನ ವರದಿಯಲ್ಲಿ ಬರೆಯಬೇಕು, ಈ ಮಕ್ಕಳಿಗೆ ಬೇರೆ ಸಮಯ ಬೇಕು ಎಂದಳು ಹೇಮಶ್ರೀ. ಬರೆದರೆ ಮೇಲಿನವರು ಬಂದು ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ, ಉತ್ತರ ಕೊಡಬೇಕಾದವನು ನಾನು ಎಂದರು ಅವರು. ಅವಳು ಪಟ್ಟಿಯನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಗವಿಸಿದ್ದಯ್ಯನವರು ಕನ್ನಡಕ ಒರೆಸಿದರು. “ಆ ಹಳೇ ರಿಜಿಸ್ಟರ್ ನೋಡಿದ್ದೀರಲ್ಲ,” ಎಂದರು. “ಅದು ನನ್ನ ಕೈಬರಹ. ಇನ್‌ಸ್ಪೆಕ್ಷನ್ ಇದ್ದಾಗ ಒಂದು ಭಾನುವಾರ ಕೂತು ಬರೆದೆ. ಆಮೇಲೆ ಪ್ರತಿ ವರ್ಷ ಬರೆದೆ. ಯಾರೂ ಏನೂ ಕೇಳಲಿಲ್ಲ.”

ಹೊರಗೆ ಮಕ್ಕಳು ತಟ್ಟೆ ತೊಳೆಯುವ ಸದ್ದು ಬರುತ್ತಿತ್ತು.

“ಬರೀರಿ ಮೇಡಂ,” ಎಂದರು ಕೊನೆಗೆ. “ಹದಿನಾಲ್ಕು ಅಂತಲೇ ಬರೀರಿ. ನಾನು ಸೈನ್ ಹಾಕ್ತೀನಿ.”

ಮೇಲಿನವರು ಬಂದರು, ಕೇಳಿದರು, ಗವಿಸಿದ್ದಯ್ಯನವರು ಅರ್ಧ ದಿನ ತಲೆ ತಗ್ಗಿಸಿ ಉತ್ತರ ಕೊಟ್ಟರು. ಅದರಿಂದ ದೊಡ್ಡ ನೆರವೇನೂ ಬರಲಿಲ್ಲ. ಬಂದದ್ದು ಒಂದು ಕಟ್ಟು ಅಕ್ಷರದ ಚಾರ್ಟು ಮತ್ತು ಮುಂದಿನ ವರ್ಷ ನೋಡೋಣ ಎಂಬ ಭರವಸೆ. ಉಳಿದದ್ದನ್ನು ಶಾಲೆಯೇ ಮಾಡಿಕೊಳ್ಳಬೇಕಾಯಿತು. ಬಿಡುವಿನ ಹೊತ್ತಿನಲ್ಲಿ ಚೆನ್ನಾಗಿ ಓದುವವರ ಪಕ್ಕ ಒಬ್ಬೊಬ್ಬರು ಕೂರುವುದೆಂದಾಯಿತು. ಅಸ್ರಾಳ ಪಕ್ಕ ನವ್ಯಶ್ರೀ ಕುಳಿತಳು. ಎಂದೂ ಸ್ವರ ಏರಿಸದ ಅಸ್ರಾ ಈ ಕೆಲಸದಲ್ಲಿ ಬಹಳ ಕಟ್ಟುನಿಟ್ಟಿನವಳು ಎಂದು ಗೊತ್ತಾಯಿತು. ಊಹೆಯಲ್ಲಿ ಓದಬೇಡ, ಇರೋದನ್ನ ಓದು ಎಂದು ಬೆರಳಿಟ್ಟು ತಡೆಯುತ್ತಿದ್ದಳು. ನವ್ಯಶ್ರೀಗೆ ಊಹಿಸುವ ಚಾಳಿ ಬಲವಾಗಿತ್ತು. ಅರ್ಧ ವಾಕ್ಯ ಓದಿ ಉಳಿದರ್ಧವನ್ನು ತಾನೇ ಕಟ್ಟಿಬಿಡುತ್ತಿದ್ದಳು, ಅದು ಎಷ್ಟೋ ಸಲ ಪುಸ್ತಕದಲ್ಲಿದ್ದದ್ದಕ್ಕಿಂತ ಚೆನ್ನಾಗಿರುತ್ತಿತ್ತು.

ಶನಿವಾರದ ಓದಿಗೆ ಹೇಮಶ್ರೀ ಕಾವೇರಮ್ಮನವರನ್ನು ಕರೆದಳು. ಅವರು ಮೂರು ವಾರ ಬರಲಿಲ್ಲ. ನಾಲ್ಕನೆಯ ವಾರ, ಹುಳು ಗೂಡು ಕಟ್ಟಿ ಕೈ ಬಿಡುವಾದಾಗ, ಮದುವೆಗೆ ಉಡುವ ಸೀರೆ ಉಟ್ಟುಕೊಂಡು ಬಂದರು. ಒಂಬತ್ತನೇ ತರಗತಿಯ ಬಾಗಿಲಲ್ಲಿ ನಿಂತು ಒಳಗೆ ಕಾಲಿಡಲು ಅವರಿಗೆ ಹೊತ್ತು ಹಿಡಿಯಿತು. ನವ್ಯಶ್ರೀ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡಳು. ಆದರೆ ಕಾವೇರಮ್ಮ ಓದಲು ಶುರು ಮಾಡಿದ ಮೇಲೆ ಮಕ್ಕಳು ಅವರ ಸೀರೆ ನೋಡುವುದನ್ನು ಬಿಟ್ಟರು. ಈ ಹುಡುಗಿ ಕತೆ ಹೇಳುವುದನ್ನು ಎಲ್ಲಿಂದ ಕಲಿತಳು ಎಂದು ಎಲ್ಲರಿಗೂ ತಿಳಿಯಿತು.

ಹಾಗೆ ಚಳಿಗಾಲ ಕಳೆಯಿತು. ಹದಿನಾಲ್ಕರಲ್ಲಿ ಎಲ್ಲರೂ ದಡ ಸೇರಿದರು ಎಂದು ಹೇಳುವ ಹಾಗಿಲ್ಲ. ಇಬ್ಬರು ಶಾಲೆ ಬಿಟ್ಟರು. ಹೇಮಶ್ರೀ ಅವರ ಮನೆಗಳಿಗೂ ಹೋದಳು, ಪ್ರಯೋಜನವಾಗಲಿಲ್ಲ. ಐದಾರು ಜನ ಫೆಬ್ರುವರಿಯಲ್ಲಿಯೂ ಒತ್ತಕ್ಷರಗಳಲ್ಲಿ ತಡವರಿಸುತ್ತಿದ್ದರು. ನವ್ಯಶ್ರೀ ಬೆರಳಿಟ್ಟುಕೊಂಡು, ತುಟಿ ಅಲುಗಿಸುತ್ತ, ಒಂದು ಗಂಟೆಗೆ ನಾಲ್ಕೈದು ಪುಟ ಓದುವ ಮಟ್ಟಕ್ಕೆ ಬಂದಳು. ಹೇಮಶ್ರೀ ತಾನು ಕೂಡ ಬಸ್ಸಿನಲ್ಲಿ ಓದುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು, ಇಬ್ಬರಲ್ಲಿ ಯಾರು ಮೊದಲು ಒಂದು ಕಾದಂಬರಿ ಮುಗಿಸುತ್ತೇವೋ ನೋಡೋಣ ಎಂದು ನಗುತ್ತಿದ್ದಳು. ಅವಳೇ ಮೊದಲು ಮುಗಿಸಿದಳು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಪ್ರಾರ್ಥನೆಗೆ ಮುಂಚೆ, ನವ್ಯಶ್ರೀ ಅವಳನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಒಂದು ಕಾದಂಬರಿ ಇತ್ತು, ಗಿರಣಿಯಲ್ಲಿ ದುಡಿಯುವ ಇಬ್ಬರು ಅಕ್ಕತಂಗಿಯರ ಕತೆ. ಮನೆಯಲ್ಲಿ ಅವ್ವ ಅದನ್ನು ಓದುತ್ತಿದ್ದರು. ಕೊನೆಯ ಇಪ್ಪತ್ತೈದು ಪುಟ ಇದ್ದಾಗ ಹೊಸ ಹುಳು ಬಂದು ನಾಲ್ಕು ದಿನ ಓದು ನಿಂತಿತು. ತಂಗಿಗೆ ಏನಾಗುತ್ತದೆ ಎಂದು ತಡೆಯಲಾಗದೆ ನವ್ಯಶ್ರೀ ತಾನೇ ಕುಳಿತು, ಆ ನಾಲ್ಕು ದಿನದಲ್ಲಿ ಇಪ್ಪತ್ತೈದೂ ಪುಟ ಓದಿ ಮುಗಿಸಿದ್ದಳು. ಹೇಮಶ್ರೀಗೆ ಎಷ್ಟು ಸಂತೋಷವಾಯಿತೆಂದರೆ ಅವಳು ಹುಡುಗಿಯ ಮುಖ ನೋಡುವುದನ್ನೇ ಮರೆತಳು.

“ತಂಗಿ ಸತ್ತೋಗ್ತಾಳೆ ಮೇಡಂ,” ಎಂದಳು ನವ್ಯಶ್ರೀ. “ಆದ್ರೆ ನೆನ್ನೆ ಅವ್ವ ಓದ್ದಾಗ ಸಾಯ್ಲೇ ಇಲ್ಲ. ಆಸ್ಪತ್ರೆಯಿಂದ ಮನೇಗೆ ಬಂದ್ಲು, ನೈಟ್ ಸ್ಕೂಲ್ ಸೇರ್ಕಂಡ್ಲು. ಅವ್ವ ಬುಕ್ ನೋಡ್ಕಂಡೇ ಓದಿದ್ಲು, ಒಂದ್ ಕಡೇನೂ ನಿಲ್ಲಲಿಲ್ಲ.”

ಹೇಮಶ್ರೀ ಪುಸ್ತಕ ತೆಗೆದುಕೊಂಡು ಕೊನೆಯ ಪುಟಗಳನ್ನು ನೋಡಿದಳು. ಹುಡುಗಿ ಸರಿಯಾಗಿ ಓದಿದ್ದಳು. ಅವ್ವನನ್ನು ಕೇಳಿದೆಯಾ ಎಂದಳು. ಇಲ್ಲ ಎಂದಳು ನವ್ಯಶ್ರೀ. ಹಾಗೆ ಓದುವಾಗ ಅವ್ವನ ಮುಖ ನೋಡಿ ಕೇಳಲು ಮನಸ್ಸು ಬರಲಿಲ್ಲ. ನಿನಗೆ ಯಾವುದು ಇಷ್ಟವಾಯಿತು ಎಂದು ಹೇಮಶ್ರೀ ಕೇಳಿದಳು. ಹುಡುಗಿ ಯೋಚಿಸಿದಳು. ಅವ್ವನದೇ ಚೆನ್ನಾಗಿದೆ, ಆದರೆ ಪುಸ್ತಕದಲ್ಲಿ ಇರುವುದನ್ನು ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ, ಅದೂ ಒಂಥರಾ ಬೇಕು ಅನ್ನಿಸುತ್ತದೆ ಎಂದಳು. ಗಣಿತದಲ್ಲಾದರೆ ಎರಡರಲ್ಲಿ ಒಂದು ತಪ್ಪಿರಬೇಕಿತ್ತು. ಹೇಮಶ್ರೀ ಪುಸ್ತಕವನ್ನು ಅವಳ ಕೈಗೇ ವಾಪಸು ಕೊಟ್ಟಳು.

ನವ್ಯಶ್ರೀ ಒಂದು ವಾರ ತಡೆದುಕೊಂಡು ಆಮೇಲೆ ತಾಯಿಗೆ ಹೇಳಿದಳಂತೆ. ಕಾವೇರಮ್ಮ ಸೊಪ್ಪು ಹಾಕುತ್ತಿದ್ದ ಕೈ ನಿಲ್ಲಿಸಿ, ನೀನು ಇನ್ನೂ ಚಿಕ್ಕೋಳು ಅಂತ ಅನ್ಕಂಡಿದ್ದೆ ಎಂದರಂತೆ. ಸ್ವಲ್ಪ ಹೊತ್ತಾದ ಮೇಲೆ, ಬುಕ್ಕಲ್ಲಿ ಅವಳು ಹೆಂಗೆ ಸತ್ಲು, ನೀನೇ ಓದು, ನಾನು ಆ ಪುಟ ಹಾರಿಸಿಬಿಟ್ಟಿದ್ದೆ ಎಂದರಂತೆ. ಹುಡುಗಿ ಕೊಟ್ಟಿಗೆಯ ಬಾಗಿಲಲ್ಲಿ, ಬೆಳಕಿದ್ದ ಕಡೆಗೆ ತಿರುಗಿ ಕುಳಿತು, ಬೆರಳಿಟ್ಟುಕೊಂಡು ಓದಿದಳು. ಕಾವೇರಮ್ಮ ಒಂದು ಕಡೆಯೂ ಅವಳನ್ನು ತಿದ್ದಲಿಲ್ಲ. ಓದು ಮುಗಿಯುವ ಹೊತ್ತಿಗೆ ಸೊಪ್ಪೂ ಮುಗಿದಿತ್ತು, ಇಬ್ಬರೂ ಬುಟ್ಟಿ ತೆಗೆದುಕೊಂಡು ತೋಟಕ್ಕೆ ಹೋದರು.